ಕೋವಿ ಇಳಿಸುವ ವಿದ್ಯೆ



ಕೋವಿ ಇರುವ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಗೋಡೆಯಿಂದ ತೆಗೆದು ನೆಂಟರ ಕೈಗೆ ಕೊಡುವಾಗ, ಜೀಪಿನ ಹಿಂದಿನ ಸೀಟಿಗೆ ಒರಗಿಸುವಾಗ, ಎಣ್ಣೆ ಬಟ್ಟೆ ಹಿಡಿದು ಒರೆಸಲು ಕೂರುವಾಗ ಯಜಮಾನರು ಹೇಳುವ ಮಾತು ಅದು: “ಹೆದರ್ಕೋಬೇಡಿ, ಖಾಲಿ ಇದೆ.” ಕೋವಿಯಿಂದಾದ ಅನಾಹುತದ ಸುದ್ದಿ ಬಂದಾಗ ಪತ್ರಿಕೆಯವರು ‘ಆಕಸ್ಮಿಕವಾಗಿ ಗುಂಡು ಹಾರಿ’ ಎಂದು ಬರೆಯುತ್ತಾರೆ. ಸುದ್ದಿಯನ್ನು ಸ್ವಲ್ಪ ಕೆದಕಿ ನೋಡಿ. ಕೋವಿ ಖಾಲಿ ಇದೆ ಎಂದು ಯಾರೋ ನಂಬಿರುತ್ತಾರೆ. ನಳಿಗೆ ಯಾರದೋ ಕಡೆಗೆ ತಿರುಗಿರುತ್ತದೆ. ಬೆರಳೋ ಕಾಫಿ ಗಿಡದ ರೆಂಬೆಯೋ ಟ್ರಿಗರಿಗೆ ತಾಗಿರುತ್ತದೆ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಅದು ಸುದ್ದಿಯೇ ಆಗುತ್ತಿರಲಿಲ್ಲ.

ಇವತ್ತು ನಾನು ಮಾತಾಡಬೇಕೆಂದಿರುವುದು ಕೋವಿ ಇಟ್ಟುಕೊಂಡವರಿಗೆ ಕೊಡುವ ಸುರಕ್ಷತೆಯ ತರಬೇತಿಯ ಬಗ್ಗೆ. ತರಬೇತಿ ಅಂದ ಕೂಡಲೇ ಗುರಿ ಕಲಿಸುವುದು ಎಂದುಕೊಳ್ಳುವವರೇ ಹೆಚ್ಚು. ಗುರಿ ಹಿಡಿಯುವುದು ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ, ಘಟ್ಟದ ಕೆಳಗಿನ ತೋಟಗಳಲ್ಲಿ ಯಾರಿಗೂ ಕಲಿಸಬೇಕಾದ ವಿದ್ಯೆಯಲ್ಲ. ಅಪ್ಪನಿಂದ ಮಗನಿಗೆ, ಚಿಕ್ಕಪ್ಪನಿಂದ ಅಣ್ಣನ ಮಗನಿಗೆ ಅದು ಬಂದೇ ಇದೆ. ಬಾರದೆ ಉಳಿದದ್ದು ಬೇರೆ. ನಮ್ಮ ಜಗಲಿಗಳಲ್ಲಿ ಕೂತು ಹೇಳುತ್ತಿದ್ದ ಶಿಕಾರಿ ಕಥೆಗಳನ್ನು ನೆನಪು ಮಾಡಿಕೊಳ್ಳಿ. ಎಲ್ಲವೂ ಈಡು ಹೊಡೆದ ಕಥೆಗಳು. “ಹಂದಿ ಬಂದ ಹಾಗಾಯಿತು, ಸರಿಯಾಗಿ ಕಾಣಲಿಲ್ಲ, ಕುದುರೆ ಇಳಿಸಿ, ತೋಟಾ ತೆಗೆದು ಜೇಬಿಗೆ ಹಾಕಿಕೊಂಡು ಮನೆಗೆ ಬಂದು ಮಲಗಿದೆ” ಎಂದು ಯಾರಾದರೂ ಕಥೆ ಹೇಳಿದರೆ ಕೇಳುವವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಎದ್ದು ಹೋದಾರು. ಕೋವಿ ಎತ್ತುವುದಕ್ಕೆ ಕಥೆಯಿದೆ, ಇಳಿಸುವುದಕ್ಕಿಲ್ಲ. ಹಾಗಾಗಿ ಇಳಿಸುವುದನ್ನು ಯಾರೂ ಕಲಿಸಲಿಲ್ಲ. ತರಬೇತಿಗೆ ಕೆಲಸ ಇರುವುದು ಅಲ್ಲೇ.

ಮೊದಲು ಕಾನೂನಿನ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಈಗ ಶಿಕಾರಿ ಎನ್ನುವುದು ಹವ್ಯಾಸವಾಗಿ ಉಳಿದಿಲ್ಲ, ಅಪರಾಧವಾಗಿದೆ. ಬೆಳೆ ಹಾಳು ಮಾಡುವ ಪ್ರಾಣಿಯನ್ನು ಕೊಲ್ಲುವುದಕ್ಕೂ ಅದೇ ಕಾಯ್ದೆಯ 11ನೇ ಕಲಮಿನ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರ ಪಡೆದವರ ಲಿಖಿತ ಅನುಮತಿ ಬೇಕು. ಕೋವಿ ಇಟ್ಟುಕೊಳ್ಳುವುದನ್ನು ನೋಡಿಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಬೆಳೆ ರಕ್ಷಣೆಗೆಂದು ಆ ಕಾಯ್ದೆ ಮೊದಲು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು, ನಾವು ಕೇಪಿನ ಕೋವಿ ಅನ್ನುವುದನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಬಗೆಯ ಕೋವಿ. 2019ರ ತಿದ್ದುಪಡಿ ಬಂದ ಮೇಲೆ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು, ಒಬ್ಬರ ಹೆಸರಿನಲ್ಲಿ ಇರಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಇದಕ್ಕೂ ಮೊದಲೇ, 2016ರ ನಿಯಮಗಳಲ್ಲಿ, ಲೈಸೆನ್ಸು ಕೇಳುವವನು ಕೋವಿಯನ್ನು ಹಿಡಿಯುವ, ಒಯ್ಯುವ, ಕಾಪಾಡುವ ತರಬೇತಿ ಪಡೆದು ಎಸ್-1 ನಮೂನೆಯ ಪ್ರಮಾಣಪತ್ರ ತರಬೇಕು ಎಂಬ ಮಾತು ಸೇರಿತ್ತು. ಒಳ್ಳೆಯ ಮಾತು. ಆದರೆ ಅದು ತಾಗುವುದು ಹೊಸದಾಗಿ ಅರ್ಜಿ ಹಾಕುವವರಿಗೆ. ನಲವತ್ತು ವರ್ಷದಿಂದ ಕೋವಿ ಇಟ್ಟುಕೊಂಡು, ಅಂಚೆಗೆ ಹೋದಷ್ಟು ಸಲೀಸಾಗಿ ನವೀಕರಣ ಮಾಡಿಸಿಕೊಂಡು ಬರುತ್ತಿರುವ ಹಿರಿಯರನ್ನು ಯಾರು ಕೂರಿಸಿ ಪಾಠ ಹೇಳುತ್ತಾರೆ?

ಕೊಡಗಿನ ವಿಷಯ ಇನ್ನೂ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ. 1861ರಿಂದ, ಬ್ರಿಟಿಷರ ಕಾಲದಿಂದ ನಡೆದು ಬಂದದ್ದು ಇದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿ ಹಿಡಿಯಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಜನ. ಕೋವಿಗೆ ಅಲ್ಲಿ ಇರುವ ಮರ್ಯಾದೆ ದೊಡ್ಡದು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಒರೆಸಿ, ಪೂಜೆಗೆ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಬೆಂಕಿಯ ನಾಲಗೆಯಂತಿರುವ ಕೆಂಪು ಹಳದಿ ಹೂವು, ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬುವ ಅಗ್ನಿಶಿಖೆ. ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೂವು ಸಿಕ್ಕಿಸುವುದಕ್ಕೂ ಪಂದ್ಯಕ್ಕೂ ನಡುವೆ ಹೂವನ್ನು ತೆಗೆದು, ತೊಟ್ಟು ಮುರಿದು ಒಳಗೆ ಉಳಿದಿಲ್ಲವಷ್ಟೆ ಎಂದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುವ ಒಬ್ಬರು ಮನೆಯಲ್ಲಿ ಇರಬೇಕು. ಒಳ್ಳೆಯ ಮನೆಗಳಲ್ಲಿ ಇರುತ್ತಾರೆ. ಲೈಸೆನ್ಸು ಬೇಡವಾದ್ದರಿಂದ ತರಬೇತಿಗೆ ಹೋಗಿ ಎಂದು ಹೇಳುವ ಕಚೇರಿ ಅಲ್ಲಿಲ್ಲ, ಆ ಒಬ್ಬರೇ ಕಚೇರಿ.

ನಳಿಗೆಯೊಳಗೆ ಏನಿದೆ ಎಂದು ನೋಡುವುದು ಸಣ್ಣ ಸಂಗತಿಯಲ್ಲ. ಗುಂಡು ಹೊರಡುವಾಗ ಹಿಂದೆ ಹುಟ್ಟುವ ಒತ್ತಡಕ್ಕೆ ಮುಂದೆ ದಾರಿ ಬಿಟ್ಟಿರಬೇಕು. ದಾರಿಯಲ್ಲಿ ಒಂದು ಹಿಡಿ ಕೆಸರು ಸಿಕ್ಕಿಕೊಂಡಿದ್ದರೂ ಸಾಕು, ಉಕ್ಕಿನ ನಳಿಗೆ ಸಿಡಿದು ಬಾಯಿ ಬಿಡುತ್ತದೆ. ಎಡಗೈ ಇರುವುದು ಸರಿಯಾಗಿ ಅಲ್ಲೇ. ಗದ್ದೆಯ ಬದುವಿನಲ್ಲಿ ಜಾರಿ ಬಿದ್ದಾಗ ಕೋವಿಯ ಬಾಯಿ ಮಣ್ಣಿಗೆ ಚುಚ್ಚುವುದುಂಟು. ತಿಂಗಳುಗಟ್ಟಲೆ ಗೂಟಕ್ಕೆ ತೂಗುಹಾಕಿದ ಕೋವಿಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುವುದುಂಟು. ತೋಟಾ ಕೋವಿಯಲ್ಲಿ ಇನ್ನೊಂದು ಅಪಾಯ ಇದೆ, ಎರಡು ಅಳತೆಯ ಕೋವಿ ಇರುವ ಮನೆಯವರು ಗಮನ ಕೊಡಬೇಕು. ಅಳತೆಯಲ್ಲಿ ಸಣ್ಣದಾದ ಇಪ್ಪತ್ತು ಬೋರಿನ ತೋಟಾ ಹನ್ನೆರಡು ಬೋರಿನ ನಳಿಗೆಗೆ ಜಾರಿ ಒಳಗೆ ಹೋಗುತ್ತದೆ, ಆಚೆ ಬೀಳದೆ ಅರ್ಧದಲ್ಲಿ ನಿಲ್ಲುತ್ತದೆ. ಮಡಚಿ ನೋಡಿದರೆ ನಳಿಗೆಯ ಬುಡ ಖಾಲಿ. ತೋಟಾ ಹಾಕುವುದು ಮರೆತೆನೇನೋ ಎಂದುಕೊಂಡು ಹಿಂದಿನಿಂದ ಹನ್ನೆರಡರ ತೋಟಾ ಹಾಕಿ ಹಾರಿಸಿದರೆ ಮುಂದಿನದ್ದೂ ಸಿಡಿಯುತ್ತದೆ. ಬೇರೆ ಬೇರೆ ಬೋರಿನ ತೋಟಾಗಳು ಒಂದೇ ಚೀಲದಲ್ಲಿ, ಒಂದೇ ಜೇಬಿನಲ್ಲಿ ಇರಬಾರದು ಎಂದು ತರಬೇತಿಯಲ್ಲಿ ಒತ್ತಿ ಹೇಳುವುದು ಇದಕ್ಕೇ.

ತರಬೇತಿ ಎಲ್ಲಿ ಸಿಗುತ್ತದೆ ಎಂದು ಕೇಳಬಹುದು. ನಮ್ಮ ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯವರು ನಾಗರಿಕ ಬಂದೂಕು ತರಬೇತಿ ಶಿಬಿರ ಎಂದು ನಡೆಸುತ್ತಾರೆ. ಸಶಸ್ತ್ರ ಮೀಸಲು ಪಡೆಯ ಮೈದಾನದಲ್ಲಿ ಬೆಳಗಿನ ಹೊತ್ತು ಪಾಠ, ಕೊನೆಗೆ ಫೈರಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ಗುಂಡು ಹಾರಿಸುವುದಕ್ಕೆ ಅವಕಾಶ, ಅದಾದ ಮೇಲೆ ಪ್ರಮಾಣಪತ್ರ. ಇಂಥ ಒಂದು ಶಿಬಿರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮೊದಲ ದಿನವೇ ಒಬ್ಬ ಹಿರಿಯರು ತಮ್ಮ ಜೋಡು ನಳಿಗೆಯ ಕೋವಿಯನ್ನು ಬಟ್ಟೆಯ ಚೀಲದಲ್ಲಿ ತಂದಿದ್ದರು. ಕಲಿಸುತ್ತಿದ್ದವರು ಅವರ ಮಗನ ವಯಸ್ಸಿನ ಹೆಡ್ ಕಾನ್‌ಸ್ಟೆಬಲ್.

“ಖಾಲಿ ಇದೆಯಪ್ಪಾ, ತಗೊ.”

“ನಾನು ಹಾಗೆ ತಗೊಳ್ಳೋದಿಲ್ಲ ಗೌಡ್ರೇ. ನೀವೇ ತೆಗೆದು ತೋರಿಸಿ.”

“ಖಾಲಿ ಅಂದ್ನಲ್ಲ. ಮನೇಲೇ ನೋಡ್ಕೊಂಡು ಬಂದಿದೀನಿ.”

“ಮನೇಲಿ ನೋಡಿದ್ದು ಮನೇಲಾಯ್ತು. ಇಲ್ಲಿ ನಾನು ನೋಡ್ಬೇಕು, ನೋಡಿ ನಿಮಗೆ ವಾಪಸ್ ಕೊಡ್ವಾಗ ನೀವು ಮತ್ತೆ ನೋಡ್ಬೇಕು.”

ಗೌಡರ ಮುಖ ಕೆಂಪಾಯಿತು. ತಮ್ಮ ಮಾತನ್ನು ನಂಬಲಿಲ್ಲ ಎನ್ನುವ ಬೇಸರ. ಆದರೂ ನಳಿಗೆಯನ್ನು ನೆಲದ ಕಡೆ ಮಾಡಿ ಕೋವಿಯನ್ನು ಮಡಚಿದರು. ಎರಡೂ ಕಣ್ಣು ಖಾಲಿ ಇದ್ದವು. ಹುಡುಗ ಬಗ್ಗಿ ನೋಡಿದ, ಕಿರುಬೆರಳನ್ನು ಎರಡೂ ನಳಿಗೆಯ ಬುಡಕ್ಕೆ ಹಾಕಿ ತಡವಿದ, ಆಮೇಲೆ ಕೋವಿ ತೆಗೆದುಕೊಂಡ. ಕತ್ತಲಲ್ಲಿ ಕಣ್ಣು ನಂಬುವ ಹಾಗಿಲ್ಲ, ಬೆರಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದ. ನನಗೆ ಆ ಶಿಬಿರದ ಸಾರವೆಲ್ಲ ಆ ಕಿರುಬೆರಳಿನಲ್ಲೇ ಇತ್ತು ಅನ್ನಿಸುತ್ತದೆ. ಕೋವಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋದಾಗಲೆಲ್ಲ ತೆಗೆದು ನೋಡಬೇಕು. ಅಣ್ಣ ಕೊಟ್ಟರೂ ನೋಡಬೇಕು, ಮಾವ ಕೊಟ್ಟರೂ ನೋಡಬೇಕು. ಇದರಲ್ಲಿ ಅವಮಾನದ ಪ್ರಶ್ನೆ ಇಲ್ಲ. ಹಿರಿಯರ ಮಾತನ್ನು ಪರೀಕ್ಷಿಸಬಾರದು ಎಂಬ ನಮ್ಮ ಸಂಕೋಚ ಬೇರೆ ಎಷ್ಟೋ ಕಡೆ ಒಳ್ಳೆಯದೇ ಇರಬಹುದು, ಕೋವಿಯ ಹತ್ತಿರ ಮಾತ್ರ ಬೇಡ.

ಜೋಡು ನಳಿಗೆಯದ್ದೇ ಇನ್ನೊಂದು ಪೀಕಲಾಟ ಇದೆ. ಒಂದು ಗುಂಡು ಹಾರಿಸಿರುತ್ತೇವೆ, ಸದ್ದಿಗೆ ಹಂದಿಗಳು ಓಡಿರುತ್ತವೆ, ಗಲಾಟೆಯಲ್ಲಿ ಎರಡನೆಯ ನಳಿಗೆ ತುಂಬಿದೆ ಎಂಬುದು ಮರೆತಿರುತ್ತದೆ. ‘ಹಾರಿಸಿ ಆಯಿತು’ ಎಂಬ ಸಮಾಧಾನದಲ್ಲೇ ಕೋವಿ ಹೆಗಲಿಗೇರುತ್ತದೆ. ಸೇಫ್ಟಿ ಹಾಕಿದ್ದೇನೆ ಎಂದು ಕೆಲವರು ಹೇಳುತ್ತಾರೆ. ನಮ್ಮ ಕಡೆ ಬಳಕೆಯಲ್ಲಿರುವ ಬಹುಪಾಲು ಜೋಡು ಕೋವಿಗಳಲ್ಲಿ ಆ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಒಳಗಿನ ಕುದುರೆ, ಅಂದರೆ ತೋಟಾಕ್ಕೆ ಬಡಿಯುವ ಭಾಗ, ಎತ್ತಿದ ಹಾಗೇ ಇರುತ್ತದೆ. ಸವೆದ ಕೋವಿ ಕಲ್ಲಿನ ಮೇಲೆ ಬಿದ್ದರೆ ಟ್ರಿಗರ್ ಮುಟ್ಟದೆಯೇ ಸಿಡಿಯಬಹುದು. ಆದ್ದರಿಂದ ತಡಮೆ ದಾಟುವಾಗ, ಸಂಕ ದಾಟುವಾಗ, ಮರ ಹತ್ತುವಾಗ, ಜೀಪು ಹತ್ತುವಾಗ ತೋಟಾ ಜೇಬಿನಲ್ಲಿರಬೇಕು. ಇಬ್ಬರಿದ್ದರೆ ಒಬ್ಬ ಮಡಚಿದ ಎರಡೂ ಕೋವಿಯನ್ನು ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ದಾಟುತ್ತಾನೆ, ಆಮೇಲೆ ಕೋವಿ ದಾಟುತ್ತವೆ, ಕೊನೆಗೆ ಉಳಿದವನು. ಒಬ್ಬನೇ ಇದ್ದರೆ ಖಾಲಿ ಮಾಡಿದ ಕೋವಿಯನ್ನು ಬೇಲಿಯಡಿ ಆಚೆ ಮಲಗಿಸಿ, ಬಾಯಿ ತನ್ನ ಕಡೆ ಇಲ್ಲದಂತೆ ನೋಡಿಕೊಂಡು, ಸ್ವಲ್ಪ ದೂರ ಸರಿದು ದಾಟಬೇಕು. ಕೇಳುವಾಗ ಇದು ಮದುವೆಮನೆಯ ಶಾಸ್ತ್ರದ ಹಾಗೆ ಅತಿಯಾಯಿತು ಅನ್ನಿಸುತ್ತದೆ. ಬೇಲಿ ದಾಟುವಾಗ ಕೋವಿಯ ಬಾಯಿ ಹಿಡಿದು ತನ್ನ ಕಡೆಗೇ ಎಳೆದುಕೊಳ್ಳುವವರು ಎಷ್ಟು ಜನ ಎಂದು ಗೊತ್ತಿದ್ದವರಿಗೆ ಅತಿ ಅನ್ನಿಸುವುದಿಲ್ಲ.

ಕೇಪಿನ ಕೋವಿಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು. ಬೆಳೆ ಕಾಯುವ ರೈತರ ಕೈಯಲ್ಲಿರುವುದು ಹೆಚ್ಚಾಗಿ ಅದೇ, ಶಿಬಿರಗಳಲ್ಲಿ ಕಡಿಮೆ ಮಾತಿಗೆ ಬರುವುದೂ ಅದೇ. ತೋಟಾ ಕೋವಿಯನ್ನು ಮಡಚಿದರೆ ಒಳಗಿನದ್ದು ಕಣ್ಣಿಗೆ ಕಾಣುತ್ತದೆ. ಕೇಪಿನ ಕೋವಿಗೆ ಹಿಂದಿನಿಂದ ಬಾಗಿಲಿಲ್ಲ. ಮದ್ದು, ನಾರು, ಚರೆ ಎಲ್ಲವೂ ಬಾಯಿಂದ ಒಳಗೆ ಹೋಗಿ ಬುಡದಲ್ಲಿ ಕೂತಿರುತ್ತವೆ. ಹೊರಗೆ ಕೇಪು ಇಲ್ಲದಿದ್ದರೆ ಖಾಲಿ ಎಂದು ಲೆಕ್ಕ ಹಾಕುತ್ತೇವೆ, ಆದರೆ ಕೇಪು ತೆಗೆದ ಕೋವಿ ತುಂಬಿದ ಕೋವಿಯೇ. ಕಳೆದ ಸುಗ್ಗಿಯಲ್ಲಿ ತುಂಬಿಸಿ ಇಟ್ಟದ್ದು ಈ ಸುಗ್ಗಿಗೂ ಹಾಗೇ ಇರಬಹುದು. ಮರೆತವನು ಮೇಲಿಂದ ಇನ್ನೊಮ್ಮೆ ಮದ್ದು ತುಂಬಿದರೆ ಒಂದಕ್ಕೆ ಎರಡಾಯಿತು. ಬೇಟೆಗಾರ ಜಿಮ್ ಕಾರ್ಬೆಟ್ ಹುಡುಗನಾಗಿದ್ದಾಗ ಅವನ ಕೈಗೆ ಮೊದಲು ಬಂದದ್ದು ಇಂಥದೇ ಜೋಡು ನಳಿಗೆಯ ಹಳೆಯ ಕೋವಿ. ಯಾರೋ ಮದ್ದು ಅತಿಯಾಗಿ ತುಂಬಿದ್ದರಿಂದ ಬಲಗಡೆಯ ನಳಿಗೆ ಸೀಳಿತ್ತು, ಮರದ ಹಿಡಿಯೂ ಮುರಿದಿತ್ತು, ಹಿತ್ತಾಳೆ ತಂತಿ ಸುತ್ತಿ ಕಟ್ಟಿದ್ದರು. ಅವನು ಎಡಗಡೆಯದ್ದರಲ್ಲೇ ಕಾಡು ಕಲಿತ. ಕಾರ್ಬೆಟ್ಟನ ಅದೃಷ್ಟ ಎಲ್ಲರಿಗೂ ಇರುವುದಿಲ್ಲ.

ಕೇಪಿನ ಕೋವಿ ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಹಳೆಯದೊಂದು ಉಪಾಯ ಇದೆ, ದುಡ್ಡು ಖರ್ಚಿಲ್ಲದ್ದು. ನಳಿಗೆ ಪೂರಾ ಖಾಲಿ ಇದ್ದಾಗ ಮದ್ದು ಗಿಡಿಯುವ ಕೋಲನ್ನು ಬುಡ ಮುಟ್ಟುವ ತನಕ ಇಳಿಬಿಡಿ. ಬಾಯಿಯ ಮಟ್ಟಕ್ಕೆ ಸರಿಯಾಗಿ ಕೋಲಿನ ಮೇಲೆ ಚಾಕುವಿನಿಂದ ಒಂದು ಗೀರು ಹಾಕಿ. ನಿಮ್ಮ ಅಳತೆಯ ಮದ್ದು, ಚರೆ ತುಂಬಿದ ಮೇಲೆ ಕೋಲು ನಿಲ್ಲುವ ಜಾಗಕ್ಕೆ ಇನ್ನೊಂದು ಗೀರು. ಇನ್ನು ಮೇಲೆ ಯಾವಾಗ ಬೇಕಾದರೂ, ಕೇಪು ತೆಗೆದು, ಬಾಯಿಯನ್ನು ಮುಖದಿಂದ ಆಚೆ ಇಟ್ಟುಕೊಂಡು ಕೋಲು ಇಳಿಬಿಟ್ಟರೆ ಕೋವಿಯೇ ಹೇಳುತ್ತದೆ: ಮೊದಲ ಗೀರಾದರೆ ಖಾಲಿ, ಎರಡನೆಯದಾದರೆ ತುಂಬಿದೆ, ಎರಡಕ್ಕಿಂತ ಮೇಲೆ ನಿಂತರೆ ಯಾರೋ ಎರಡು ಸಲ ತುಂಬಿದ್ದಾರೆ. ಮೂರನೆಯದಾದರೆ ನೀವು ಏನೂ ಮಾಡಲು ಹೋಗಬೇಡಿ, ತಿಳಿದ ಆರ್ಮರರ್ ಹತ್ತಿರ ಒಯ್ಯಿರಿ. ಹಾಗೆಯೇ ಒಮ್ಮೆ ಹಾರಿಸಿದ ಕೂಡಲೇ ಮದ್ದಿನ ಡಬ್ಬಿಯ ಮೂತಿಯನ್ನೇ ನಳಿಗೆಗೆ ಹಿಡಿದು ಸುರಿಯಬಾರದು. ಬುಡದಲ್ಲಿ ನಾರಿನ ಕಿಡಿ ಉಳಿದಿದ್ದರೆ ಬೆಂಕಿ ಡಬ್ಬಿಯವರೆಗೆ ಬರುತ್ತದೆ. ಅಳತೆಯ ಚಿಪ್ಪಿನಿಂದಲೇ ಹಾಕಬೇಕು, ಅದೂ ಸ್ವಲ್ಪ ಹೊತ್ತು ಬಿಟ್ಟು. ತೋಟಾ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಹಾಕುವುದು ನೇರ ಆತ್ಮಹತ್ಯೆ, ಆ ನಳಿಗೆ ಕರಿಮದ್ದಿಗೆ ಮಾಡಿದ್ದು. ಕೇಪು ಹೊಡೆದು ಗುಂಡು ಹಾರಲಿಲ್ಲ ಎಂದರೆ ಏನಾಯಿತೆಂದು ಬಾಯೊಳಗೆ ಇಣುಕಬೇಡಿ. ಮಳೆಗಾಲದ ತೇವಕ್ಕೆ ಮದ್ದು ನಿಧಾನವಾಗಿ ಹತ್ತಿಕೊಳ್ಳುವುದುಂಟು. ಗುರಿಯ ಕಡೆಗೇ ಹಿಡಿದುಕೊಂಡು ಒಂದೆರಡು ನಿಮಿಷ ಕಾಯಿರಿ. ತೋಟಾ ಕೋವಿಯಾದರೆ ಅರ್ಧ ನಿಮಿಷವಾದರೂ ಬೇಕು.

ಚುನಾವಣೆ ಬಂದಾಗ ಈ ಗೀರಿನ ಬೆಲೆ ಗೊತ್ತಾಗುತ್ತದೆ. ದಿನಾಂಕ ಪ್ರಕಟವಾದ ಕೂಡಲೇ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಎಂದು ಆದೇಶ ಬರುತ್ತದೆ. ಮನುಷ್ಯರಿಗೆ ನೀತಿಸಂಹಿತೆ ಸರಿ, ಹಂದಿಗೆ ಯಾರು ಹೇಳುವುದು ಎಂದು ರೈತರು ಗೊಣಗುತ್ತಾರೆ, ಆ ಗೊಣಗಾಟದಲ್ಲಿ ನ್ಯಾಯವೂ ಇದೆ. ಅದಿರಲಿ. ಸಿಟ್ಟಿನಲ್ಲಿ, ಅವಸರದಲ್ಲಿ, ಬೈಕಿನ ಹಿಂದೆ ಕಟ್ಟಿಕೊಂಡು ಬಂದ ಕೋವಿಗಳು ಠಾಣೆಯ ಮೂಲೆಯಲ್ಲಿ ಸಾಲಾಗಿ ಒರಗುತ್ತವೆ. ಅವುಗಳಲ್ಲಿ ತುಂಬಿದ ಕೇಪಿನ ಕೋವಿ ಒಂದಿದ್ದರೆ ಬರೆದುಕೊಳ್ಳುವ ಪೇದೆಗೆ ತಿಳಿಯುವ ದಾರಿಯಿಲ್ಲ. ಒಪ್ಪಿಸುವ ಹಿಂದಿನ ದಿನ ಹಗಲಿನಲ್ಲಿ, ಮನೆಯಲ್ಲಿ, ಕೋಲು ಇಳಿಬಿಟ್ಟು ನೋಡಿಕೊಂಡೇ ಹೊರಡಿ.

ಇಷ್ಟು ಹೊತ್ತು ಹೇಳಿದ್ದು ಹಾರಿಸಬೇಕೆಂದು ಯಾರೂ ಅಂದುಕೊಳ್ಳದೆ ಹಾರಿದ ಗುಂಡಿನ ಮಾತು. ಹಾರಿಸಬೇಕೆಂದೇ ಹಾರಿಸಿ, ಹೋಗಿ ನೋಡಿದಾಗ ಬಿದ್ದಿರುವುದು ಹಂದಿಯಲ್ಲ ಎಂದು ತಿಳಿಯುವುದು ಇನ್ನೊಂದು ಬಗೆ. ಹಿಂದೆ ಹಳು ನುಗ್ಗುವವರು ಒಂದು ಕಡೆ, ಬಿಲ್ಲಿಗೆ, ಅಂದರೆ ಕೋವಿ ಹಿಡಿದು ಕಾಯುವ ಗೊತ್ತಾದ ಜಾಗಕ್ಕೆ, ನಿಂತವರು ಒಂದು ಕಡೆ ಇರುವ ಬೇಟೆಗಳಲ್ಲೂ ಇದು ಆಗುತ್ತಿತ್ತು. ಬಿಲ್ಲು ಬಿಟ್ಟು ಅಲ್ಲಾಡಬಾರದು ಎಂಬ ಕಟ್ಟುನಿಟ್ಟು ಬಂದದ್ದೇ ಅದಕ್ಕೆ. ಈಗ ಹೆಚ್ಚು ಆಗುವುದು ರಾತ್ರಿ, ಟಾರ್ಚಿನ ಬೆಳಕಲ್ಲಿ. ಇದರ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ನೋಡಬೇಕು. ದನ, ನಾಯಿ, ಬೆಕ್ಕು, ಜಿಂಕೆಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಒಂದು ಪದರ ಇದೆ. ಟಾರ್ಚು ಬಿಟ್ಟರೆ ಕಣ್ಣು ಕೆಂಡದಂತೆ, ಹಸಿರು ದೀಪದಂತೆ ಹೊಳೆಯುತ್ತದೆ. ಹಂದಿಗೆ ಆ ಪದರ ಇಲ್ಲ. ಹಂದಿಯ ಕಣ್ಣು ಹಾಗೆ ಹೊಳೆಯುವುದಿಲ್ಲ ಎಂದು ರಾತ್ರಿ ತೋಟ ಕಾದ ಎಲ್ಲರಿಗೂ ಗೊತ್ತು. ಹಾಗಾಗಿ ಪೊದೆ ಅಲ್ಲಾಡಿತು, ಕಪ್ಪಗೆ ಏನೋ ಕಂಡಿತು, ಕಣ್ಣು ಹೊಳೆಯಲಿಲ್ಲ, ಅಂದಮೇಲೆ ಹಂದಿಯೇ ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಮನುಷ್ಯನ ಕಣ್ಣಿಗೂ ಆ ಪದರ ಇಲ್ಲ ಎಂಬುದು ಆಗ ನೆನಪಿಗೆ ಬರುವುದಿಲ್ಲ. ಕಂಬಳಿ ಕೊಪ್ಪೆ ಹೊದ್ದು ಕುಕ್ಕರುಗಾಲಲ್ಲಿ ಕೂತ ಮನುಷ್ಯ, ನೀರು ತಿರುಗಿಸಲು ಬಗ್ಗಿದ ಮನುಷ್ಯ, ಗದ್ದೆಗೆ ಬಂದ ಹಂದಿಯನ್ನು ತಾನೂ ಕಾಯುತ್ತ ಕೂತ ಪಕ್ಕದ ತೋಟದವನು, ಇವರೆಲ್ಲ ಮೂವತ್ತು ಮಾರು ದೂರದಲ್ಲಿ ಕಪ್ಪಗಿನ ಒಂದು ಗುಪ್ಪೆ, ಅಷ್ಟೇ. ಎರಡು ಗಂಟೆಯಿಂದ ಹಂದಿಗಾಗಿ ಕಾದು ಕೂತವನಿಗೆ ಆ ಗುಪ್ಪೆ ಹಂದಿಯಾಗಿಯೇ ಕಾಣುತ್ತದೆ.

ಆದ್ದರಿಂದ ತರಬೇತಿ ಕೊಡುವವರು ಹೇಳುವುದು ಇಷ್ಟು: ಇಡೀ ಪ್ರಾಣಿಯನ್ನು ಕಂಡಿಲ್ಲದಿದ್ದರೆ ಬೆರಳು ಟ್ರಿಗರಿನ ಹೊರಗೆ. ಮೂತಿ ಎಲ್ಲಿ, ಕಾಲೆಲ್ಲಿ, ಬಾಲ ಎಲ್ಲಿ ಎಂದು ಬಾಯಿಬಿಟ್ಟು ಹೇಳಲಾಗಬೇಕು. ಸದ್ದಿಗೆ ಹೊಡೆಯಬಾರದು, ಅಲುಗಾಟಕ್ಕೆ ಹೊಡೆಯಬಾರದು, ಟಾರ್ಚನ್ನು ಕೋವಿಗೆ ಕಟ್ಟಿಕೊಂಡು ಹುಡುಕಬಾರದು. ಕೋವಿಗೆ ಕಟ್ಟಿದ ಟಾರ್ಚಿನಿಂದ ಹುಡುಕುವವನು ಯಾರನ್ನು ನೋಡಿದರೂ ತುಂಬಿದ ನಳಿಗೆಯಿಂದಲೇ ನೋಡಿದ ಹಾಗಾಯಿತು. ಅನುಮತಿ ಪಡೆದು ಕಾಯುವವರು ಕೂಡ ತಾವು ಯಾವ ತೋಟದಲ್ಲಿ, ಯಾವ ಅಟ್ಟಣಿಗೆಯಲ್ಲಿ ಇರುತ್ತೇವೆಂದು ಸುತ್ತಲಿನ ಮನೆಗಳಿಗೆ ಸಂಜೆಯೇ ಹೇಳಿ ಹೋಗಬೇಕು, ಹೇಳಿದ ಜಾಗ ಬಿಟ್ಟು ಕದಲಬಾರದು.

ಗುರಿ ತಪ್ಪದೆ ಹೊಡೆದರೂ ಲೆಕ್ಕ ಮುಗಿಯುವುದಿಲ್ಲ. ಹಂದಿಗೆಂದು ಬಳಸುವ ಎಲ್‌ಜಿ ತೋಟಾದಲ್ಲಿ ಎಣಿಸಿದರೆ ಆರು ಗುಂಡು, ಒಂದೊಂದೂ ಸುಮಾರು 9 ಮಿಲಿಮೀಟರ್ ದಪ್ಪ. ನಲವತ್ತು ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಅವು ಒಂದು ಮೀಟರಿನಷ್ಟು ಅಗಲಕ್ಕೆ ಹರಡಿರುತ್ತವೆ. ಹಂದಿಗೆ ಎರಡು ತಾಗಿದರೆ ಹೆಚ್ಚು. ಉಳಿದ ನಾಲ್ಕು ಎಲ್ಲಿಗೆ ಹೋದವು? ಚರೆ ಎಷ್ಟು ದಪ್ಪವೋ ಅಷ್ಟು ದೂರ ಹೋಗುತ್ತದೆ. ಸಣ್ಣ ಚರೆ ಇನ್ನೂರು ಚಿಲ್ಲರೆ ಮೀಟರಿಗೆ ಸುಸ್ತಾದರೆ ಎಲ್‌ಜಿ ಗುಂಡು ಏಳುನೂರು ಮೀಟರಿನ ಹತ್ತಿರ ಹೋಗಬಲ್ಲದು. ನಮ್ಮ ತೋಟಗಳಲ್ಲಿ ಏಳುನೂರು ಮೀಟರಿನೊಳಗೆ ಒಂದು ಲೈನ್ ಮನೆಯೋ ಬಸ್ ರಸ್ತೆಯೋ ಇಲ್ಲದ ದಿಕ್ಕು ಯಾವುದು? ರೇಂಜಿನಲ್ಲಿ ಗುರಿಹಲಗೆಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುತ್ತದೆ. ತೋಟದಲ್ಲೂ ಹಿಂದೆ ಧರೆಯೋ ಗುಡ್ಡದ ಮೈಯೋ ಇರುವ ಕಡೆಗೆ ಮಾತ್ರ ಕೋವಿ ತಿರುಗಬೇಕು. ಆಕಾಶದ ಅಂಚಿಗೆ ನಿಂತ ಪ್ರಾಣಿಗೆ ಯಾವತ್ತೂ ಹೊಡೆಯಬಾರದು. ಮದುವೆ ದಿಬ್ಬಣದಲ್ಲಿ ಗಾಳಿಗೆ ಹಾರಿಸುವವರಿಗೂ ಇದೇ ಮಾತು. 2019ರ ತಿದ್ದುಪಡಿಯಲ್ಲಿ ಇನ್ನೊಬ್ಬರ ಜೀವಕ್ಕೆ ಅಪಾಯವಾಗುವ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಎಂದು ಬರೆದಿದೆ.

ಬೇಟೆ ಇನ್ನೂ ಕಾನೂನುಬದ್ಧವಾಗಿ ನಡೆಯುವ ದೇಶಗಳಲ್ಲಿ ಏನು ಮಾಡಿದ್ದಾರೆ ಎಂದು ಒಂದು ಮಾತು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1949ರಲ್ಲೇ ಹೊಸ ಬೇಟೆಗಾರರಿಗೆ ತರಬೇತಿ ಕಡ್ಡಾಯವಾಯಿತು. ಆಮೇಲೆ ಒಂದೊಂದಾಗಿ ಬೇರೆ ರಾಜ್ಯಗಳೂ ಆ ದಾರಿ ಹಿಡಿದವು. ಪಾಠ ಹೇಳುವವರು ಬಹುಪಾಲು ಸಂಬಳವಿಲ್ಲದ ಹಿರಿಯ ಬೇಟೆಗಾರರು. ಜೊತೆಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ, ಟೋಪಿ ತೊಡಬೇಕೆಂಬ ನಿಯಮವನ್ನು ಅನೇಕ ರಾಜ್ಯಗಳು ತಂದವು. ಅಲ್ಲಿ ಬೇಟೆಯ ಅಪಘಾತಗಳು ಹಿಂದಿಗಿಂತ ಬಹಳ ಇಳಿದಿವೆ. ಜಿಂಕೆಗೂ ಹಂದಿಗೂ ಕಿತ್ತಳೆ ಬಣ್ಣ ನಮಗೆ ಕಂಡ ಹಾಗೆ ಎದ್ದು ಕಾಣುವುದಿಲ್ಲ, ಹಾಗಾಗಿ ಪ್ರಾಣಿ ಬೆದರುವ ಮಾತಿಲ್ಲ. ನಮ್ಮಲ್ಲಿ ತೋಟ ಕಾಯುವವರೂ ರಾತ್ರಿ ನೀರು ಬಿಡಲು ಹೋಗುವವರೂ ರಸ್ತೆ ಕೆಲಸದವರು ತೊಡುವ ಹೊಳೆಯುವ ಪಟ್ಟಿಯ ಅಂಗಿಯೊಂದನ್ನು ತೊಟ್ಟರೆ ಸಾಕು. ಹೆಚ್ಚು ದುಡ್ಡಿನ ಬಾಬತ್ತಲ್ಲ.

ಕಿವಿಯ ವಿಷಯವನ್ನೂ ಸೇರಿಸಿಬಿಡುತ್ತೇನೆ. ಕೋವಿಯ ಸದ್ದು 150 ಡೆಸಿಬಲ್ ದಾಟುತ್ತದೆ, 140 ದಾಟಿದರೆ ಒಂದೇ ಸದ್ದು ಕಿವಿಗೆ ಪೆಟ್ಟು ಮಾಡಬಲ್ಲದು. ರೇಂಜಿನಲ್ಲಿ ಕಿವಿಗೆ ಮುಚ್ಚಳ ಹಾಕಿಕೊಳ್ಳಲು ನಾಚುವವರು ಮುಂದೆ ಬಾನುಲಿಯನ್ನು ಜೋರಾಗಿ ಹಾಕಿ ಮನೆಯವರ ಬೈಗುಳ ತಿನ್ನಬೇಕಾಗುತ್ತದೆ.

ಕೊನೆಗೆ ಮನೆಯೊಳಗಿನ ಮಾತು. ಕೋವಿ ಬೀಗದೊಳಗೆ, ತೋಟಾ ಬೇರೆ ಬೀಗದೊಳಗೆ, ಕೀಲಿ ಯಜಮಾನನ ಹತ್ತಿರ. ದೇವರ ಪಟದ ಹಿಂದೆ ಕೀಲಿ ಇಟ್ಟರೆ ಅದು ಬಚ್ಚಿಟ್ಟ ಹಾಗಲ್ಲ, ಎಂಟು ವರ್ಷದ ಮಗುವಿಗೆ ಆ ಜಾಗ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕುಡಿದ ದಿನ ಬೀಗ ತೆಗೆಯುವುದೇ ಬೇಡ. ಮನೆಯಲ್ಲಿ ಯಾರಾದರೂ ಸಾಲಕ್ಕೋ ಜಗಳಕ್ಕೋ ಮನಸ್ಸು ಕೆಟ್ಟು ಕೂತಿದ್ದಾರೆ ಎಂದು ಕಂಡರೆ ಕೆಲವು ದಿನ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸು ಇರುವ ಅಂಗಡಿಯಲ್ಲೋ ಇಟ್ಟು ಬನ್ನಿ, ಕಾರಣ ಯಾರಿಗೂ ವಿವರಿಸಬೇಕಾಗಿಲ್ಲ. ಯಜಮಾನ ತೀರಿಕೊಂಡರೆ ಕೋವಿ ಮಗನಿಗೆ ತಾನಾಗಿ ಬರುವುದಿಲ್ಲ. ಅವನ ಹೆಸರಿಗೆ ಲೈಸೆನ್ಸು ಆಗುವ ತನಕ ಅದು ಠೇವಣಿಯಲ್ಲಿರಬೇಕು.

ಇಷ್ಟಾದರೂ ಯಾರಿಗಾದರೂ ಗುಂಡು ತಾಗಿತು ಎಂದಿಟ್ಟುಕೊಳ್ಳಿ. ನಮ್ಮ ಕಡೆ ಆಗ ಆಗುವ ದೊಡ್ಡ ತಪ್ಪು ತಡ ಮಾಡುವುದು. ಕದ್ದು ಹೋದ ಶಿಕಾರಿಯಾಗಿದ್ದರೆ ಕೇಸಿನ ಹೆದರಿಕೆ, ಏನು ಹೇಳುವುದು, ಯಾರ ಹೆಸರು ಹೇಳುವುದು ಎಂದು ಗದ್ದೆಯ ಬದುವಿನಲ್ಲೇ ಪಂಚಾಯಿತಿ ನಡೆಯುತ್ತದೆ. ರಕ್ತ ಆ ಪಂಚಾಯಿತಿ ಮುಗಿಯುವ ತನಕ ಕಾಯುವುದಿಲ್ಲ. ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಮೈಭಾರ ಹಾಕಿ ಒತ್ತಿ, ನೆನೆದರೆ ಮೇಲೆ ಇನ್ನೊಂದು ಬಟ್ಟೆ, ಮೊದಲಿನದ್ದನ್ನು ಕೀಳಬೇಡಿ. ಕೈಯಿಂದಲೋ ಕಾಲಿನಿಂದಲೋ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಅಗಲದ ಬಟ್ಟೆ ಸುತ್ತಿ, ಕೋಲು ತೂರಿಸಿ ತಿರುಚಿ ಬಿಗಿ ಮಾಡಿ, ಕಟ್ಟಿದ ಹೊತ್ತನ್ನು ಬರೆದಿಡಿ. ಚರೆ ಹುಡುಕಿ ತೆಗೆಯಲು ಹೋಗಬೇಡಿ, ಅರಿಸಿನ, ಸೀಮೆಎಣ್ಣೆ ಯಾವುದೂ ಬೇಡ. 108ಕ್ಕೆ ಫೋನು ಮಾಡಿ, ಆಂಬುಲೆನ್ಸು ಹಾಡಿಯೊಳಗೆ ಬರಲಾಗದಿದ್ದರೆ ರಸ್ತೆಯವರೆಗೆ ಹೊತ್ತುಕೊಂಡು ಬನ್ನಿ. ಕೇಸು ಆಮೇಲೆ.

ಶಿಬಿರಗಳಲ್ಲಿ ನನಗೆ ಕಂಡ ಒಂದು ಕೊರತೆಯನ್ನು ಹೇಳಿ ನಿಲ್ಲಿಸುತ್ತೇನೆ. ಬರುವವರಲ್ಲಿ ಗಂಡಸರೇ ಹೆಚ್ಚು. ಆದರೆ ಕೋವಿಯ ಜೊತೆ ದಿನವಿಡೀ ಒಂದೇ ಮನೆಯಲ್ಲಿರುವವರು ಹೆಂಗಸರು. ದೀಪಾವಳಿಗೆ ಸುಣ್ಣ ಬಳಿಯುವಾಗ ಅದನ್ನು ಮೂಲೆಯಿಂದ ಮೂಲೆಗೆ ಎತ್ತಿಡುವವರು ಅವರು. ರಾತ್ರಿ ತೋಟದಿಂದ ಬಂದವನು ಜಗಲಿಗೆ ಒರಗಿಸಿ ಮಲಗಿದರೆ ಬೆಳಿಗ್ಗೆ ಕಸ ಗುಡಿಸುವಾಗ ಅದನ್ನು ಸರಿಸುವವರು ಅವರು. ಮಡಚುವುದು ಹೇಗೆ, ತುಂಬಿದ್ದರೆ ಕಾಣುವುದು ಹೇಗೆ, ಯಾವ ಭಾಗವನ್ನು ಮುಟ್ಟಬಾರದು ಎಂದು ಅವರಿಗೆ ಯಾರೂ ತೋರಿಸಿಲ್ಲ, ಮುಟ್ಟಬೇಡ ಎಂದು ಮಾತ್ರ ಹೇಳಿದ್ದಾರೆ. ನಿಮ್ಮ ಜಿಲ್ಲೆಯಲ್ಲಿ ಶಿಬಿರ ಯಾವಾಗ ಎಂದು ಹತ್ತಿರದ ಠಾಣೆಯಲ್ಲೋ ಜಿಲ್ಲಾ ಪೊಲೀಸ್ ಕಚೇರಿಯಲ್ಲೋ ಕೇಳಿ. ಹೆಸರು ಬರೆಸುವಾಗ ಮನೆಯಾಕೆಯ ಹೆಸರನ್ನೂ, ವಯಸ್ಸಿಗೆ ಬಂದ ಮಗಳಿದ್ದರೆ ಅವಳ ಹೆಸರನ್ನೂ ಬರೆಸಿ.